ಮೂರನೇ ಬೇರು, ಫಿಲ್ಮಿನ ಗೀರು

"ಗದ್ದ ಇಲ್ಲಿಡಿ ಸಾರ್. ಈ ಕಡ್ಡೀನ ಮುಂದಿನ ಹಲ್ಲಲ್ಲಿ ಕಚ್ಚಿ ಹಿಡ್ಕೊಳಿ. ಹಾಂ, ಅಷ್ಟೇ."

ಡಾಕ್ಟರ್ ಅನಿರುದ್ಧ ಕಚ್ಚಿದ. ಅವನ ಹಣೆಗೆ ಪಟ್ಟಿ ಬಿಗಿದೆ. ಕಿವಿಯ ಮೇಲೆ ಎರಡು ಕಡೆಯಿಂದಲೂ ಆನಿಕೆ ಒತ್ತಿ ತಿರುಪು ತಿರುಗಿಸಿದೆ. ಇನ್ನು ಅವನು ತಲೆ ಅಲ್ಲಾಡಿಸುವಂತಿಲ್ಲ, ಮಾತಾಡುವಂತಿಲ್ಲ. ಇವನನ್ನು ಹೀಗೆ ಕೂರಿಸಬೇಕೆಂದು ಹನ್ನೊಂದು ವರ್ಷ ಕಾದಿದ್ದೆ.

ನನ್ನ ಮಗಳು ಪ್ರೇಮಲತಾ ಬಸವನಗುಡಿಯ ಇವನ ಕ್ಲಿನಿಕ್ಕಿನಲ್ಲಿ ಕೆಲಸಕ್ಕಿದ್ದಳು. ಒಂದು ಬೆಳಿಗ್ಗೆ ಕೆಲಸಕ್ಕೆಂದು ಹೋದವಳು ಮನೆಗೆ ಬರಲಿಲ್ಲ. "ಅವತ್ತು ಅವಳು ಕ್ಲಿನಿಕ್ಕಿಗೇ ಬಂದಿಲ್ಲ, ಆಮೇಲೆ ನಾನವಳ ಮುಖವನ್ನೇ ನೋಡಿಲ್ಲ" ಎಂದು ಇವನು ಪೊಲೀಸರಿಗೆ ಬರೆದುಕೊಟ್ಟ. ಹದಿನೈದು ದಿನದ ಹಿಂದೆ ನನಗೆ ಅವಳ ಹಲ್ಲು ಸಿಕ್ಕಿತು. ಇವನ ಜಾಡಿಯಲ್ಲಿ.

"ಎಷ್ಟು ಹೊತ್ತು ಆಗುತ್ತೆ?" ಎಂದು ಕಡ್ಡಿ ಬಿಟ್ಟು ಕೇಳಿದ.

"ಇಪ್ಪತ್ತು ಸೆಕೆಂಡು ಸಾರ್. ಉಗುಳು ನುಂಗ್ಬೇಡಿ. ಕಚ್ಚಿ."

ಅವನಿಗೆ ನನ್ನ ಗುರುತು ಸಿಗಲಿಲ್ಲ. ಕಾಲೇಜಿನಲ್ಲಿ ಓದುವಾಗ ಎಷ್ಟು ಸಲ ನನ್ನ ಕೈಯಿಂದಲೇ ಒದ್ದೆ ಎಕ್ಸ್‌ರೇ ಫಿಲ್ಮ್ ಇಸಕೊಂಡು ಹೋದವನು. ಆದರೆ ಬಾಯಿಗೆ ಮಾಸ್ಕು, ತಲೆಗೆ ಟೋಪಿ ಹಾಕಿಕೊಂಡ ಮುದುಕನನ್ನು ಯಾವ ಡಾಕ್ಟರು ಕಣ್ಣಿಟ್ಟು ನೋಡುತ್ತಾನೆ?

ಬಾಗಿಲ ಆಚೆ, ಬೆಂಚಿನ ಮೇಲೆ ಅವನ ಜೊತೆ ಬಂದ ಹುಡುಗಿ ಕಾಲು ಆಡಿಸುತ್ತ ಕೂತಿತ್ತು. ಹತ್ತು ವರ್ಷವಿರಬಹುದು. ಹೆಸರು ಲಾಸ್ಯಾ. ಅವಳ ಕೋರೆಹಲ್ಲೊಂದು ಮೂಳೆಯೊಳಗೇ ಉಳಿದಿದೆಯಂತೆ, ಅದನ್ನು ನೋಡಬೇಕೆಂದು ಅವಳ ಸ್ಕ್ಯಾನು ಮೊದಲೇ ಮುಗಿಸಿದ್ದೆವು. ಚಿತ್ರ ಪಕ್ಕದ ಪರದೆಯ ಮೇಲೇ ಇತ್ತು. ನಾನು ಅದರ ಕಡೆ ತಿರುಗಿಯೂ ನೋಡಿರಲಿಲ್ಲ. ನನ್ನ ಮಗಳನ್ನು ಇಲ್ಲವಾಗಿಸಿ ತಾನು ಮಗಳನ್ನು ಸಾಕಿಕೊಂಡಿದ್ದಾನೆ, ಎಂದಷ್ಟೇ ಅಂದುಕೊಂಡೆ.

*

ಆ ಹಲ್ಲಿನ ವಿಷಯ ಹೇಳಿಬಿಡುತ್ತೇನೆ.

ಈ ಸ್ಕ್ಯಾನ್ ಸೆಂಟರು ಶಂಕರಪುರಂನಲ್ಲಿ, ಪೂಜಾ ಸಾಮಾನಿನ ಅಂಗಡಿಯ ಮೇಲಿದೆ. ನಡೆಸುವವರು ಡಾಕ್ಟರ್ ಜ್ಯೋತಿಲಕ್ಷ್ಮಿ. ನಾನು ಓದಿದ್ದು ಎರಡನೇ ಕ್ಲಾಸು. ಆದರೆ ಮೂವತ್ತನಾಲ್ಕು ವರ್ಷ ಹಲ್ಲಿನ ಕಾಲೇಜಿನ ಕತ್ತಲೆ ಕೋಣೆಯಲ್ಲಿ, ಕೆಂಪು ಬಲ್ಬಿನ ಕೆಳಗೆ, ಹೈಪೋ ದ್ರಾವಣದ ವಾಸನೆಯಲ್ಲಿ ಎಕ್ಸ್‌ರೇ ಫಿಲ್ಮ್ ತೊಳೆದವನು. ರಿಟೈರ್ ಆದ ಮೇಲೆ, ಅಲ್ಲೇ ಓದಿದ್ದ ಡಾಕ್ಟರಮ್ಮ ಇಲ್ಲಿಗೆ ಕರೆದುಕೊಂಡರು.

ಅವರಿಗೆ ಬೇರಿನ ಹುಚ್ಚು. ಹಲ್ಲಿನ ಬೇರು ಒಬ್ಬೊಬ್ಬರಿಗೆ ಒಂದೊಂದು ಥರ. ಬೇರಿನೊಳಗೆ ನರ ಹರಿಯುವ ದಾರಿಯೂ ಹಾಗೇ. ಪುಸ್ತಕದಲ್ಲಿ ಎರಡು ಬೇರೆಂದು ಬರೆದಿದ್ದರೆ ಬಾಯಲ್ಲಿ ಮೂರಿರುತ್ತವೆ. ಒಂದು ದಾರಿ ಎಂದುಕೊಂಡು ಒಳಗೆ ಹೋದರೆ ಮಧ್ಯದಲ್ಲಿ ಕವಲೊಡೆದಿರುತ್ತದೆ. ನಮ್ಮ ಕಡೆಯ ಜನರ ಬೇರುಗಳು ಹೇಗೆಂದು ಅವರು ಲೆಕ್ಕ ಹಿಡಿಯುತ್ತಿದ್ದರು. ಅದಕ್ಕಾಗಿ ಕ್ಲಿನಿಕ್ಕುಗಳಿಂದ ಕಿತ್ತ ಹಲ್ಲಿನ ಜಾಡಿಗಳನ್ನು ತರಿಸುತ್ತಿದ್ದರು. ಹಲ್ಲು ತೊಳೆದು, ಗುಲಾಬಿ ಬಣ್ಣದ ಮೇಣದ ಹಲಗೆಯಲ್ಲಿ ಹನ್ನೆರಡನ್ನು ಬಾಯಿಯ ಹಾಗೆ ಸಾಲಾಗಿ ಒತ್ತುವುದು ನನ್ನ ಕೆಲಸ. ಆಮೇಲೆ ಹಲಗೆಯನ್ನೇ ಮಿಷನ್ನಿನಲ್ಲಿಟ್ಟು ಸ್ಕ್ಯಾನು.

ಆವತ್ತು ಒಂದು ಹಳೇ ಜಾಡಿಯಲ್ಲಿ ಕೆಳದವಡೆಯ ಹಲ್ಲೊಂದು ಎರಡು ತುಂಡಾಗಿ ಸಿಕ್ಕಿತು. ಜೋಡಿಸಿ ಮೇಣಕ್ಕೆ ಒತ್ತಿದೆ. ಪರದೆಯ ಮೇಲೆ ಬಂದಾಗ ಡಾಕ್ಟರಮ್ಮ ಕುರ್ಚಿಯಿಂದ ಎದ್ದೇಬಿಟ್ಟರು.

"ನೋಡಿ ಮರಿಯಣ್ಣೋರೇ, ಮೂರನೇ ಬೇರು! ನಾಲಿಗೆ ಕಡೆಗೆ. ಎಷ್ಟು ಚೆನ್ನಾಗಿ ಕೊಕ್ಕೆ ಹಂಗೆ ಬಗ್ಗಿದೆ. ನಿಮ್ಮ ಬೇರೇ ಇದು!"

ಕಾಲೇಜಿನಲ್ಲಿ ಅದಕ್ಕೆ ನನ್ನ ಹೆಸರೇ ಬಿದ್ದಿತ್ತು. ಕೆಳಗಿನ ಮೊದಲನೇ ದವಡೆಹಲ್ಲಿಗೆ ನನಗೆ ಮೂರು ಬೇರು. ಮೂರನೆಯದು ತುದಿಯಲ್ಲಿ ಬಗ್ಗಿ ಮತ್ತೆ ಮೇಲಕ್ಕೆ ನೋಡುತ್ತದೆ. ನನ್ನ ಫಿಲ್ಮನ್ನೇ ಇಟ್ಟುಕೊಂಡು ಅಲ್ಲಿನ ಮೇಡಂ ಪಾಠ ಮಾಡುತ್ತಿದ್ದರು. ಹುಡುಗರು 'ಮರಿಯಣ್ಣನ ಬೇರು' ಎಂದು ಬರೆದುಕೊಳ್ಳುತ್ತಿದ್ದರು. ಮೂರು ಬೇರು ನೂರಕ್ಕೆ ಏಳೆಂಟು ಜನರಿಗೆ ಇರುತ್ತದೆ. ತುದಿ ಮೇಲಕ್ಕೆ ನೋಡುವುದನ್ನು ನಾನು ಕಂಡಿದ್ದು ಎರಡೇ ಬಾಯಲ್ಲಿ. ನನ್ನದು, ನನ್ನ ಮಗಳದು.

ಸಾಲದ್ದಕ್ಕೆ ಆ ಕೊಕ್ಕೆಯೊಳಗೆ ಬೆಳ್ಳಗೆ ಒಂದು ಚೂರು ಕಂಡಿತು. ಬೇರು ತೊಳೆಯುವ ಸೂಜಿಯ ತುದಿ, ಮುರಿದು ಒಳಗೇ ಕೂತದ್ದು. ಪ್ರೇಮಲತಾ ಕಾಣೆಯಾಗುವ ನಾಲ್ಕು ದಿನ ಮುಂಚೆ ಕೆನ್ನೆ ಊದಿಸಿಕೊಂಡು ಬಂದಾಗ ಕಾಲೇಜಿನಲ್ಲಿ ನಾನೇ ಫಿಲ್ಮ್ ತೆಗೆದಿದ್ದೆ. ಅದರಲ್ಲೂ ಅದೇ ಚೂರು, ಅದೇ ಜಾಗದಲ್ಲಿ. ಮನೆ ಬಿಟ್ಟು ಹೋದ ಬೆಳಿಗ್ಗೆಯೂ ಆ ಹಲ್ಲು ಅವಳ ಬಾಯಲ್ಲೇ ಇತ್ತು.

"ಈ ಹಲ್ಲಿಗೆ ಪೆಟ್ಟು ಬಿದ್ದಿದೆ," ಎಂದರು ಡಾಕ್ಟರಮ್ಮ, ಏನೂ ತಿಳಿಯದೆ. "ಮುಂದಿನ ಬೇರಲ್ಲಿ ಸೀಳು ನೋಡಿ. ಯಾರೋ ಸರಿಯಾಗಿ ಗುದ್ದಿದಾರೆ. ಆದ್ರೆ ಕಿತ್ತವರ ಕೈ ಮಾತ್ರ ಬಂಗಾರ. ಕೊಕ್ಕೆ ಇದೆ ಅಂತ ಮೊದ್ಲೇ ಗೊತ್ತಿದ್ದವರು. ಹಲ್ಲನ್ನ ಎರಡಾಗಿ ಕತ್ತರಿಸಿ, ಒಂದೊಂದು ತುಂಡನ್ನೂ ಅದರ ದಾರೀಲೇ ತೆಗೆದಿದಾರೆ. ಬೇರಿನ ತುದಿ ಕೂಡ ಮುರಿದಿಲ್ಲ. ಇಷ್ಟು ನಾಜೂಕಾಗಿ ಯಾರಿಗೆ ಮಾಡ್ತಾರೆ ಹೇಳಿ? ತೀರಾ ಬೇಕಾದವರಿಗೆ ಮಾತ್ರ."

ಆ ಕೊನೆಯ ಮಾತು ನನ್ನ ಕಿವಿಗೆ ಹೋಗಲಿಲ್ಲ. ಗುದ್ದಿದಾರೆ ಎಂದದ್ದಷ್ಟೇ ಹೋಯಿತು. ಜಾಡಿಯ ಮೇಲಿನ ಚೀಟಿ ಓದಿಸಿದೆ. ಅನಿರುದ್ಧನ ಕ್ಲಿನಿಕ್ಕು. ಅಲ್ಲಿನ ಹೊಸ ಹುಡುಗಿ ಹಿಂದಿನ ಕಪಾಟು ಖಾಲಿ ಮಾಡುವಾಗ ಇದನ್ನೂ ಎತ್ತಿ ಕೊಟ್ಟಿದ್ದಳು.

ನಾನು ಕೂಗಾಡಲಿಲ್ಲ. ಪೊಲೀಸರ ಹತ್ತಿರವೂ ಹೋಗಲಿಲ್ಲ. ಅವರ ಮುಂದೆ ಮೂರು ವರ್ಷ ಕೂತು ಎದ್ದಿದ್ದೇನೆ. "ಡಾಕ್ಟರಮ್ಮ, ಹಲ್ಲು ಕೊಟ್ಟ ಕ್ಲಿನಿಕ್ಕಿನವರಿಗೆಲ್ಲ ಒಂದೊಂದು ಸ್ಕ್ಯಾನು ನಮ್ಮ ಕಡೆಯಿಂದ ಅಂತ ಹೇಳಿದ್ರೆ ಮರ್ಯಾದೆ ಅಲ್ವಾ?" ಎಂದೆ. ಅವರಿಗೆ ಖುಷಿಯಾಯಿತು, ಫೋನು ಮಾಡಿದರು. ಇವತ್ತು ಇಲಿ ಬೋನಿಗೆ ಬಂತು. ಡಾಕ್ಟರಮ್ಮ ಊಟದ ಡಬ್ಬಿ ತೆಗೆದುಕೊಂಡು ಒಳಕ್ಕೆ ಹೋಗುತ್ತ, "ನೀವೇ ಒತ್ತಿಬಿಡಿ ಮರಿಯಣ್ಣೋರೇ" ಎಂದಿದ್ದರು.

ಕೆಳಗೆ ರಸ್ತೆಯ ಆ ಬದಿ, ಹೊಂಗೆ ಮರದ ಕೆಳಗೆ, ನನ್ನ ಮಗ ಅನಿಲ್ ಕುಮಾರ್ ಬೆಳಿಗ್ಗೆ ಹತ್ತರಿಂದ ಲಗೇಜ್ ಆಟೋ ನಿಲ್ಲಿಸಿಕೊಂಡಿದ್ದ. ಚಿಕ್ಕಪೇಟೆಯಲ್ಲಿ ಬಟ್ಟೆ ಮೂಟೆ ಸಾಗಿಸುವುದು ಅವನ ಕಸುಬು. ಮೂಟೆ ಎಳೆಯುವ ಕಬ್ಬಿಣದ ಕೊಕ್ಕೆ ಯಾವಾಗಲೂ ಬಲಗೈಯಲ್ಲಿರುತ್ತದೆ. ಆ ಕೈಯ ಗೆಣ್ಣೊಂದು ಒಳಗೆ ಕೂತಿದೆ. ಹಳೇ ಪೆಟ್ಟು, ಅಂಗಡಿ ಶಟರು ಬಿದ್ದದ್ದು.

"ಅವನೇ ಅಂತ ಖಾತ್ರಿ ಆದ್ರೆ ಒಂದು ಮಿಸ್ಡ್ ಕಾಲ್ ಕೊಡಪ್ಪ," ಎಂದಿದ್ದ. "ಆಮೇಲೆ ಫೋನ್ ಮಾಡ್ಬೇಡ. ಮಾಡಿದ್ರೂ ಎತ್ತಲ್ಲ. ನಿನ್ನ ಮನಸ್ಸು ಕರಗುತ್ತೆ, ನಂಗೊತ್ತು."

"ಜೀವ ತೆಗೀಬೇಡ," ಎಂದಿದ್ದೆ ನಾನು. "ಬಲಗೈ ಮಾತ್ರ. ಇನ್ನು ಆ ಕೈ ಯಾರ ಬಾಯಿಗೂ ಹೋಗ್ಬಾರ್ದು."

ಮನಸ್ಸು ಕರಗಿರಲಿಲ್ಲ.

*

ಮಿಷನ್ನಿನ ತೋಳು ತಿರುಗಲು ಶುರುವಾಯಿತು. ಬಾಗಿಲು ಪೂರ್ತಿ ಹಾಕಬೇಕು, ಅದು ನಿಯಮ. ನಾನು ಒಂದು ಗೇಣು ಬಿಟ್ಟೆ. ಗಾಜಿನಲ್ಲಿ ಅವನ ಮುಖ ಕಾಣುತ್ತಿತ್ತು. ಹತ್ತರವರೆಗೆ ಎಣಿಸಿದೆ.

"ಪ್ರೇಮಲತಾ ಹಲ್ಲು ಸಿಕ್ತು ಸಾರ್," ಎಂದೆ. "ಅಲ್ಲಾಡ್ಬೇಡಿ."

ಅವನ ಭುಜ ಮೇಲಕ್ಕೆ ಹಾರಿತು. ಕಡ್ಡಿ ಬಾಯಿಂದ ಜಾರಿತು. ತೋಳು ತನ್ನ ಪಾಡಿಗೆ ತಾನು ತಿರುಗಿ ನಿಂತಿತು.

ಪರದೆಯ ಮೇಲೆ ಅವನ ದವಡೆ ಬಂತು. ಪ್ರತಿ ಹಲ್ಲೂ ಎರಡೆರಡು, ಒಂದರ ಹಿಂದೆ ಒಂದು, ನೀರಲ್ಲಿ ನೋಡಿದ ಹಾಗೆ. ಕೂತವರು ಅಲ್ಲಾಡಿದರೆ ಹೀಗೇ ಆಗುತ್ತದೆ. ಪೊಲೀಸರ ಮುಂದೆ ಎಷ್ಟು ಗಟ್ಟಿಯಾಗಿ ಕೂತಿದ್ದ ಈ ಮನುಷ್ಯ. ಮಿಷನ್ನಿನ ಮುಂದೆ ಒಂದು ಹೆಸರಿಗೆ ಅಲ್ಲಾಡಿಹೋದ.

ನನಗೆ ಅಷ್ಟು ಸಾಕಾಗಿತ್ತು. ಜೇಬಿನಿಂದ ಫೋನು ತೆಗೆದು ಅನಿಲನ ನಂಬರು ಒತ್ತಿದೆ. ಒಂದು ಸಲ ಬಡಿಯಿತು, ಇಟ್ಟೆ.

ಅವನು ಪಟ್ಟಿಯನ್ನು ತಾನೇ ಕಿತ್ತುಕೊಂಡು ಎದ್ದು ಬಂದ. ನಾನು ಮಾಸ್ಕು ತೆಗೆದೆ.

"ಮರಿಯಣ್ಣ..."

"ಹೌದು ಸಾರ್. ಬೇರಿನ ಮರಿಯಣ್ಣ."

ಮೇಣದ ಚೂರಿನಲ್ಲಿದ್ದ ಹಲ್ಲನ್ನು ಅವನ ಮುಂದೆ ಹಿಡಿದೆ. ಕೈಗೆ ತೆಗೆದುಕೊಂಡ. ಯಾವುದಿದು ಎಂದು ಕೇಳಲಿಲ್ಲ. ಹೆಬ್ಬೆರಳು ತಾನಾಗಿ ಹೋಗಿ ಕತ್ತರಿಸಿದ ಗೆರೆಯ ಮೇಲೆ ನಿಂತಿತು.

"ಇದು ಹೊರಗೆ ಹೋಗ್ಬಾರ್ದಿತ್ತು," ಎಂದ ಮೆಲ್ಲಗೆ.

"ಕಿತ್ತಿದ್ದು ಯಾರು?"

"ನಾನೇ."

"ಅವಳು ಬಂದೇ ಇಲ್ಲ ಅಂತ ಬರ್ಕೊಟ್ರಿ."

"ಸುಳ್ಳು ಬರ್ಕೊಟ್ಟೆ."

ಇಷ್ಟು ಸಲೀಸಾಗಿ ಒಪ್ಪುತ್ತಾನೆಂದು ನಾನು ಎಣಿಸಿರಲಿಲ್ಲ. ರಕ್ತ ತಲೆಗೇರಿತು. ಆದರೂ ದನಿ ಎತ್ತಲಿಲ್ಲ. ಹೊರಗೆ ಮಗು ಕೂತಿತ್ತು.

"ಬೇರು ಸೀಳೋ ಹಂಗೆ ಹೊಡ್ದು, ಆಮೇಲೆ ಕೂತ್ಕೊಂಡು ನಾಜೂಕಾಗಿ ಕಿತ್ರಾ ಡಾಕ್ಟ್ರೇ? ಒಳ್ಳೇ ವಿದ್ಯೆ ಕಲ್ತ್ರಿ ನಮ್ಮ ಕಾಲೇಜಲ್ಲಿ."

"ಹೊಡೆದಿದ್ದು ನಾನಲ್ಲ."

"ಮತ್ತೆ ಹಲ್ಲು ತಾನೇ ಗುದ್ಕೊಂತಾ?"

"ಅವಳು ನನ್ನ ಹತ್ರ ಬರೋ ಹೊತ್ತಿಗೇ ಆ ಸೀಳು ಇತ್ತು ಮರಿಯಣ್ಣ. ನೀವು ತೆಗೆದ ಫಿಲ್ಮಲ್ಲೇ ಇದೆ."

"ನನ್ನ ಫಿಲ್ಮಲ್ಲಿ ಸೀಳಿಲ್ಲ."

"ಮುಂದಿನ ಬೇರಿನ ಮೇಲೆ ಸಣ್ಣ ಗೆರೆ ಇಲ್ವಾ?"

ಇತ್ತು. ಆ ಫಿಲ್ಮನ್ನು ಅಂದಿನಿಂದಲೂ ಅಂಗಿಯ ಜೇಬಿನಲ್ಲೇ ಇಟ್ಟುಕೊಂಡು ಓಡಾಡಿದ್ದೇನೆ. ಕಣ್ಣು ಮುಚ್ಚಿದರೂ ಆ ಗೆರೆ ಕಾಣುತ್ತದೆ.

"ಅದು ಗೀರು," ಎಂದೆ. "ಅವಳ ಕೆನ್ನೆ ನೋಡಿ ನನ್ನ ಕೈ ನಡುಗ್ತಿತ್ತು. ಒದ್ದೆ ಫಿಲ್ಮಿಗೆ ಕ್ಲಿಪ್ಪು ತಾಗಿ ಗೀರಾಯ್ತು. ಮೂವತ್ತು ವರ್ಷದಲ್ಲಿ ನಾನು ಹಾಳು ಮಾಡಿದ್ದು ಅದೊಂದೇ ಫಿಲ್ಮು. ಅವತ್ತೇ ನನ್ನ ಕೈಗೆ ನಾನೇ ಬೈಕೊಂಡೆ."

"ಆ ಪ್ಯಾಕೆಟ್ಟಲ್ಲಿ ಎರಡು ಫಿಲ್ಮ್ ಇತ್ತಲ್ವಾ? ಒಂದೇ ಸಲಕ್ಕೆ ಎರಡೂ ಮೂಡೋದು. ಒಂದು ನೀವಿಟ್ಕೊಂಡ್ರಿ, ಇನ್ನೊಂದನ್ನ ಅವಳ ಕೈಲಿ ನನಗೆ ಕಳಿಸಿದ್ರಿ."

"ಅದಕ್ಕೇನೀಗ?"

"ನನ್ನ ಹತ್ರ ಇರೋದ್ರಲ್ಲೂ ಅದೇ ಗೆರೆ ಇದೆ. ಅದೇ ಜಾಗದಲ್ಲಿ, ಅಷ್ಟೇ ಉದ್ದ. ಎರಡು ಫಿಲ್ಮಿಗೆ ಒಂದೇ ಗೀರು ಬೀಳುತ್ತಾ ಮರಿಯಣ್ಣ? ಗೀರು ಯಾವ್ದು, ಗೆರೆ ಯಾವ್ದು ಅಂತ ನಮಗೆ ತೋರಿಸ್ಕೊಟ್ಟೋರು ನೀವೇ. ಉಗುರು ಆಡ್ಸಿ ನೋಡಿ."

ಉಗುರು ಆಡಿಸುವುದು ಕತ್ತಲೆ ಕೋಣೆಯ ಮೊದಲ ಪಾಠ. ಗೀರಾದರೆ ಉಗುರು ತಡೆಯುತ್ತದೆ. ಹೊಸದಾಗಿ ಬಂದ ಹುಡುಗರ ಕೈ ಹಿಡಿದು ಮಾಡಿ ತೋರಿಸುತ್ತಿದ್ದೆ. ಈ ಫಿಲ್ಮಿಗೆ ಮಾತ್ರ ಒಂದು ಸಲವೂ ಮಾಡಿ ನೋಡಿರಲಿಲ್ಲ. ತಪ್ಪು ನನ್ನದೇ ಎಂದು ತೀರ್ಮಾನ ಮಾಡಿದ ಮೇಲೆ ಪರೀಕ್ಷೆ ಯಾಕೆ?

ಜೇಬಿನಿಂದ ತೆಗೆದೆ. ಕಿಟಕಿಯ ಬೆಳಕಿಗೆ ಹಿಡಿದು ಗೆರೆ ಹುಡುಕಿದೆ. ಹೆಬ್ಬೆರಳಿನ ಉಗುರನ್ನು ಅದರ ಮೇಲೆ ಮೆಲ್ಲಗೆ ಎಳೆದೆ.

ಎಲ್ಲೂ ತಡೆಯಲಿಲ್ಲ.

ತಿರುಗಿಸಿ ಹಿಂದಿನಿಂದ ಎಳೆದೆ. ಆ ಕಡೆಯೂ ನುಣ್ಣಗಿತ್ತು.

ಗೆರೆ ಫಿಲ್ಮಿನ ಮೇಲಿರಲಿಲ್ಲ. ಹಲ್ಲಿನಲ್ಲಿತ್ತು. ಅಂದರೆ ಅವಳು ನನ್ನ ಮುಂದೆ ಬಾಯಿ ತೆರೆದು ಕೂತಾಗಲೇ ಪೆಟ್ಟು ಬಿದ್ದಾಗಿತ್ತು. ಹಲ್ಲು ನೋವಿಗೆ ಊದಿಕೊಂಡಿದೆ ಎಂದಿದ್ದಳು. ನಂಬಿದ್ದೆ.

"ಯಾರು ಹೊಡೆದದ್ದು?" ಎಂದೆ. ನನ್ನ ದನಿ ನನಗೇ ದೂರದಿಂದ ಕೇಳಿಸಿತು.

ಅನಿರುದ್ಧ ಹಲ್ಲನ್ನು ಮೇಜಿನ ಮೇಲಿಟ್ಟ. "ನಾವಿಬ್ರೂ ಗಾಂಧಿ ಬಜಾರಲ್ಲಿ ಒಟ್ಟಿಗೆ ಕಾಫಿ ಕುಡಿಯೋದನ್ನ ಒಬ್ರು ನೋಡಿದ್ರು. ಅವತ್ತು ಮನೇಲಿ ನೀವಿರ್ಲಿಲ್ಲ. 'ಇನ್ನೊಂದ್ಸಲ ಆ ಡಾಕ್ಟ್ರ ಜೊತೆ ಕಂಡ್ರೆ ಹೂತಾಕ್ತೀನಿ' ಅಂದ್ರಂತೆ. ನಾಲ್ಕು ದಿನ ಆದ್ಮೇಲೆ ಬಂದು, ಇನ್ನು ಆ ಮನೇಗೆ ಹೋಗಲ್ಲ ಅಂದ್ಲು."

"ಯಾರು ಅಂತ ಕೇಳ್ದೆ."

"ನಿಮಗೆ ಗೊತ್ತಾಗ್ತಿದೆ ಮರಿಯಣ್ಣ."

ಗೊತ್ತಾಗುತ್ತಿತ್ತು. ನನಗೆ ಮರೆವು ಕಡಿಮೆ. ಅವಳ ಕೆನ್ನೆ ಊದಿದ್ದ ಆ ದಿನ ಮನೆಗೆ ಬಂದರೆ, ಅನಿಲ ಬಲಗೈಗೆ ಬಟ್ಟೆ ಸುತ್ತಿಕೊಂಡು ಬಾಗಿಲಲ್ಲಿ ಕೂತಿದ್ದ. ಶಟರು ಬಿತ್ತು ಎಂದಿದ್ದ. ಅರಿಶಿನ ಹಚ್ಚಿ ಬಟ್ಟೆ ಕಟ್ಟಿದವನು ನಾನೇ. ಕೆನ್ನೆಯನ್ನೂ ನೋಡಿದ್ದೆ, ಗೆಣ್ಣನ್ನೂ ನೋಡಿದ್ದೆ, ಒಂದೇ ದಿನ. ಎರಡನ್ನೂ ಸೇರಿಸಿ ನೋಡಲಿಲ್ಲ.

"ನನಗ್ಯಾಕೆ ಹೇಳ್ಲಿಲ್ಲ ಅವಳು?"

"'ಅಪ್ಪ ಒಳ್ಳೇವ್ರು, ಅವರಿಗೆ ಸುಳ್ಳು ಬರಲ್ಲ. ಅಣ್ಣ ಎದುರಿಗೆ ನಿಂತು ಕೇಳಿದ್ರೆ ಹೇಳ್ಬಿಡ್ತಾರೆ' ಅಂದ್ಲು. ಅದಕ್ಕೇ ನಾನು ಪೊಲೀಸರಿಗೆ ಹಂಗೆ ಬರ್ಕೊಟ್ಟೆ. ತುಮಕೂರಲ್ಲಿ ಮನೆ ಮಾಡಿದ್ವಿ. ನಾನೊಬ್ನೇ ಇಲ್ಲಿಗೆ ಬಂದು ಹೋಗ್ತೀನಿ."

"ಮಾಡಿದ್ವಿ ಅಂದ್ರೆ?"

ಅವನ ಕಣ್ಣು ನನ್ನ ಹೆಗಲ ಮೇಲಿಂದ ಹಿಂದಕ್ಕೆ, ಇನ್ನೊಂದು ಪರದೆಯ ಕಡೆ ಹೋಯಿತು. ನಾನೂ ತಿರುಗಿದೆ.

ಅಷ್ಟು ಹೊತ್ತೂ ನಾನು ನೋಡದೆ ಬಿಟ್ಟಿದ್ದ ಚಿತ್ರ. ಮಗು ಚೂರೂ ಅಲ್ಲಾಡದೆ ಕೂತಿತ್ತು, ಎಲ್ಲ ಹಲ್ಲೂ ಸ್ಪಷ್ಟ. ಕೋರೆಹಲ್ಲು ಮೂಳೆಯೊಳಗೆ ಓರೆಯಾಗಿ ಮಲಗಿತ್ತು. ನಾನು ಕೆಳಗೆ ನೋಡಿದೆ. ಮೊದಲನೇ ದವಡೆಹಲ್ಲು. ಒಂದು ಬೇರು, ಎರಡು ಬೇರು. ಅವುಗಳ ಹಿಂದೆ, ನಾಲಿಗೆಯ ಕಡೆಗೆ ಮೂರನೆಯದು. ಬಗ್ಗಿ, ತುದಿಯಲ್ಲಿ ಮತ್ತೆ ಮೇಲಕ್ಕೆ ನೋಡುತ್ತಿತ್ತು.

ನನ್ನ ನಾಲಿಗೆ ತಾನಾಗಿ ನನ್ನ ಎಡ ದವಡೆಹಲ್ಲನ್ನು ಮುಟ್ಟಿ ನೋಡಿತು.

ಬಾಗಿಲಿಗೆ ಹೋದೆ. ಮಂಡಿ ಹಿಡಿದುಕೊಂಡು ಬೆಂಚಿನ ಮುಂದೆ ಬಗ್ಗಿದೆ.

"ಪುಟ್ಟಾ, ನಿಮ್ಮಮ್ಮ ಎಲ್ಲಮ್ಮ?"

"ಕೆಳಗೆ ಕಾರಲ್ಲಿದಾರೆ ತಾತ," ಎಂದಳು ಲಾಸ್ಯಾ. "ಬನ್ನಿ ಅಂದೆ, ಬರಲ್ಲ ಅಂದ್ರು. ಈ ಕಡೆ ಬಂದ್ರೆ ಅವರು ಕಾರಿಂದ ಇಳಿಯಲ್ಲ. ಗ್ಲಾಸೂ ಇಳ್ಸಲ್ಲ. ಇಲ್ಲಿ ಎಕ್ಸ್‌ರೇ ವಾಸನೆ ಬರುತ್ತಾ ನೋಡ್ಕೊಂಡು ಬಂದು ಹೇಳು ಅಂದಿದಾರೆ. ಬರ್ತಾನೇ ಇಲ್ಲ. ಎಕ್ಸ್‌ರೇಗೆ ವಾಸನೆ ಇರುತ್ತಾ ತಾತ?"

"ಇರ್ತಿತ್ತು," ಎಂದೆ. "ಮೊದ್ಲೆಲ್ಲ ಇರ್ತಿತ್ತು."

ಹಿಂದಿನಿಂದ ಅನಿರುದ್ಧ, "ಮರಿಯಣ್ಣ, ನಿಮ್ಮ ಮಗನಿಗೆ ಮಾತ್ರ ಗೊತ್ತಾಗ್ಬಾರ್ದು. ಕೈ ಮುಗೀತೀನಿ," ಎಂದ. ಮುಗಿದ ಆ ಬಲಗೈ ನೋಡಿದೆ. ಹಲ್ಲನ್ನು ಎರಡಾಗಿ ಕತ್ತರಿಸಿ, ಬೇರಿನ ತುದಿ ಮುರಿಯದ ಹಾಗೆ ತೆಗೆದ ಕೈ.

ಫೋನು ಒತ್ತಿದೆ. ಒತ್ತುತ್ತಲೇ ಕಿಟಕಿಗೆ ಹೋದೆ.

ಹೊಂಗೆ ಮರದ ಕೆಳಗೆ ಆಟೋ ಇತ್ತು, ಅನಿಲ ಇರಲಿಲ್ಲ. ಪೂಜಾ ಅಂಗಡಿಯ ಮುಂದೆ, ನಮ್ಮ ಮೆಟ್ಟಿಲ ಬುಡದಲ್ಲಿ ನಿಂತಿದ್ದ. ಅವನ ಜೇಬಿನಲ್ಲಿ ಫೋನಿನ ಬೆಳಕು ಹತ್ತಿತು. ತೆಗೆದು ನೋಡಿದ. ನನ್ನ ಹೆಸರು ಕಂಡಿರಬೇಕು. ಒತ್ತಿ ಆರಿಸಿ ಮತ್ತೆ ಜೇಬಿಗೆ ಹಾಕಿದ. ಹೇಳಿದ ಮಾತಿಗೆ ತಪ್ಪುವವನಲ್ಲ ನನ್ನ ಮಗ.

ಆಮೇಲೆ ಅವನ ಕಣ್ಣು ಅಂಗಡಿಯ ಪಕ್ಕ ನಿಂತ ಬಿಳಿ ಕಾರಿನ ಮೇಲೆ ಬಿತ್ತು. ಮುಂದಿನ ಗಾಜಿಗೆ ಡಾಕ್ಟರ ಗುರುತು ಅಂಟಿಸಿತ್ತು. ಕೊಕ್ಕೆಯನ್ನು ಎಡಗೈಗೆ ಬದಲಿಸಿ ಬೆನ್ನ ಹಿಂದೆ ಹಿಡಿದು ನಿಧಾನಕ್ಕೆ ಅದರತ್ತ ನಡೆದ.

"ಅನಿಲಾ!" ಎಂದು ಕೂಗಿದೆ. ಹನ್ನೊಂದು ವರ್ಷದಲ್ಲಿ ನಾನು ಕೂಗಿದ್ದು ಅದೇ ಮೊದಲು. ಬಸ್ಸೊಂದು ಹಾರನ್ ಒತ್ತುತ್ತ ಹೋಯಿತು. ಅನಿಲ ತಿರುಗಿ ನೋಡಲಿಲ್ಲ.

ಹಿಂದಿನ ಸೀಟಿನಲ್ಲಿ ಯಾರೋ ಇರುವುದು ಅವನಿಗೆ ಕಂಡಿತು. ಬಗ್ಗಿದ. ಒಳಗೆ ಗಂಡಸಿದ್ದಾನೋ ಹೆಂಗಸಿದ್ದಾಳೋ ತಿಳಿಯದೆ, ಗೆಣ್ಣು ಒಳಗೆ ಕೂತ ಆ ಬೆರಳಿನಿಂದ ಗಾಜನ್ನು ಎರಡು ಸಲ ತಟ್ಟಿದ.

ನನ್ನ ಕೂಗಿಗೆ ಕೆಳಗೆ ಕಿವಿಗೊಟ್ಟಿದ್ದು ಒಬ್ಬರು ಮಾತ್ರ. ಕಾರಿನೊಳಗಿದ್ದವಳು. ಅಪ್ಪನ ದನಿ ಎಲ್ಲಿಂದ ಬಂತೆಂದು ನೋಡಲು, ಈ ಕಡೆ ಬಂದರೆ ಎಂದೂ ಇಳಿಸದ ಗಾಜನ್ನು ಅವಳು ಇಳಿಸತೊಡಗಿದಳು.